ಕಟ್ಟಲು ಸಾಲ ಸಿಗುತ್ತದೆ, ಕಾಪಾಡಲು ಸಿಗುವುದಿಲ್ಲ

ಪ್ರಶ್ನೆ: ನಾನು ಕಾರಟಗಿ ಭಾಗದ ಭತ್ತದ ರೈತ. 2024ರಲ್ಲಿ ತುಂಗಭದ್ರಾ ಜಲಾಶಯದ ಗೇಟು ಕೊಚ್ಚಿಹೋಯಿತು. ಅದೇ ವಾರ ಕಾರವಾರದ ಕಾಳಿ ಸೇತುವೆ ಕುಸಿಯಿತು. ನಮ್ಮೂರ ರಸ್ತೆಗೆ ಡಾಂಬರು ಹಾಕಿ ಮೂರು ಮಳೆಗಾಲ ಕಳೆದಿಲ್ಲ, ಆಗಲೇ ಗುಂಡಿ ಬಿದ್ದಿದೆ. ರಾಜ್ಯದ ಬಜೆಟ್ ನಾಲ್ಕು ಲಕ್ಷ ಕೋಟಿ ರೂಪಾಯಿ ದಾಟಿದೆ ಎಂದು ಓದುತ್ತೇವೆ. ಇರುವುದನ್ನು ನೋಡಿಕೊಳ್ಳಲು ಹಣವೇ ಇಲ್ಲವೇ? ಇದಕ್ಕೆ ನಿಜವಾಗಿ ಎಷ್ಟು ಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಗೇಟಿನ ಸರಪಳಿ. ಸರ್ಕಾರಿ ಇಂಜಿನಿಯರಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸ್ತೆ, ಮೋರಿ, ಸೇತುವೆಗಳ ನಡುವೆಯೇ ಕಳೆದವನು ನಾನು. ಅಣೆಕಟ್ಟೆ ನನ್ನ ಕ್ಷೇತ್ರವಲ್ಲ. ಆದರೂ 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ ನಡೆದದ್ದು ನನ್ನ ವೃತ್ತಿಯವರೆಲ್ಲರ ನಿದ್ದೆ ಕೆಡಿಸಿತು. ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್‌ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೋಡೆ. ಅದನ್ನು ಎತ್ತಿ ಇಳಿಸುವುದು ಎರಡು ಬದಿಯ ಸರಪಳಿ. ಆ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತು, ಗೇಟು ನದಿಯ ಪಾಲಾಯಿತು. ಜಲಾಶಯ ಆಗ ತುಂಬಿತ್ತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವುಗಳನ್ನೂ ತೆರೆದು, ನಿಮ್ಮ ಗದ್ದೆಗೆ ಬರಬೇಕಾಗಿದ್ದ ನೀರನ್ನು ದಿನಗಟ್ಟಲೆ ಹೊಳೆಗೆ ಬಿಡಬೇಕಾಯಿತು.

ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು (ಗೇಟಿನ ಬದಲಿಗೆ ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ಹಲಗೆಗಳನ್ನು) ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಹರಿವು ನಿಲ್ಲಿಸಿದರು. ಆ ಕಾರ್ಮಿಕರಿಗೆ ಎಷ್ಟು ಕೈ ಮುಗಿದರೂ ಸಾಲದು. ಮಳೆಯೂ ಕೈಬಿಡಲಿಲ್ಲ, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು. ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲವೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆ ಅದು. ಇಂಥ ಗೇಟಿನ ಆಯಸ್ಸು ಸಾಮಾನ್ಯವಾಗಿ 40–50 ವರ್ಷ. ಎಪ್ಪತ್ತು ದಾಟಿದರೂ ಅವೇ ಗೇಟುಗಳು ನಿಂತಿದ್ದವು. ಕೊನೆಗೆ ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರ ಸಮಿತಿ ಹೇಳಿತು. 2025ರ ಮುಂಗಾರಿನಲ್ಲಿ ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ನಿರ್ಧಾರವೂ ಬಂತು. ಹತ್ತಿಪ್ಪತ್ತು ವರ್ಷ ಮೊದಲೇ, ಬೇಸಿಗೆಗೆ ನಾಲ್ಕು ಗೇಟಿನಂತೆ ಬದಲಿಸುತ್ತ ಬಂದಿದ್ದರೆ ನಿಮ್ಮ ಬೇಸಿಗೆ ಬೆಳೆ ಹೋಗುತ್ತಿರಲಿಲ್ಲ. ಮಾಡದ ದುರಸ್ತಿಯ ಖರ್ಚು ಸರ್ಕಾರದ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ರೈತನ ಮನೆಯ ಲೆಕ್ಕದಲ್ಲಿ ಕಾಣುತ್ತದೆ.

ಈಗ ಹಣದ ವಿಷಯಕ್ಕೆ ಬರುತ್ತೇನೆ.

2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ರಾಜಸ್ವ ವೆಚ್ಚವೆಂದು ತೋರಿಸಿದ್ದು 3,11,739 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಎಲ್ಲವೂ ಇದರೊಳಗೆ. ಬಂಡವಾಳ ವೆಚ್ಚ, ಅಂದರೆ ಹೊಸದಾಗಿ ಕಟ್ಟುವುದಕ್ಕೆ, 71,336 ಕೋಟಿ. ಉಳಿದ 26,474 ಕೋಟಿ ಹಳೆಯ ಸಾಲದ ಮರುಪಾವತಿಗೆ. ರಾಜಸ್ವ ಆದಾಯದ ಅಂದಾಜು 2,92,477 ಕೋಟಿ. ದಿನನಿತ್ಯದ ಖರ್ಚಿಗೇ 19,262 ಕೋಟಿ ಕೊರತೆ.

ನೀವು ಕೇಳುತ್ತಿರುವ ದುರಸ್ತಿ, ನಿರ್ವಹಣೆಯ ಹಣ ಇದರಲ್ಲಿ ಎಲ್ಲಿದೆ? ಕೊರತೆ ಇರುವ ಆ ಮೊದಲ ಗಂಟಿನಲ್ಲಿ, ಅಂದರೆ ರಾಜಸ್ವ ವೆಚ್ಚದಲ್ಲಿದೆ. ನಮ್ಮ ಕಚೇರಿಗಳಲ್ಲಿ ಲೆಕ್ಕಶೀರ್ಷಿಕೆಯ ಸಂಖ್ಯೆಯಲ್ಲೇ ಮಾತು. ರಸ್ತೆ, ಸೇತುವೆಗಳ ನಿರ್ವಹಣೆಗೆ 3054, ಹೊಸದಾಗಿ ಕಟ್ಟುವುದಕ್ಕೆ 5054. ಚರಂಡಿ ತೆಗೆಸಿ, ಗುಂಡಿ ಮುಚ್ಚಿಸಿ ಎಂದು ಯಾರಾದರೂ ಬಂದರೆ ‘3054ರಲ್ಲಿ ದುಡ್ಡಿಲ್ಲ’ ಎನ್ನುವುದು ನಾನು ಸೇವೆಗೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಕೇಳಿದ, ನಾನೇ ಹೇಳಿಯೂ ಇರುವ ಉತ್ತರ. ಸಂಬಳವನ್ನು ತಡೆಯಲಾಗದು, ಬಡ್ಡಿಯನ್ನು ತಡೆಯಲಾಗದು. ತಡೆಯಬಹುದಾದದ್ದು ಬಾಯಿಲ್ಲದ ಮೋರಿಯ ಪಾಲು ಮಾತ್ರ.

5054ರ ಕಥೆ ಬೇರೆ. ಅದಕ್ಕೆ ಸಾಲ ಎತ್ತಬಹುದು. ಗ್ರಾಮೀಣ ರಸ್ತೆ, ಸೇತುವೆ ಕಟ್ಟಲು ನಬಾರ್ಡ್ ಸಾಲ ಕೊಡುತ್ತದೆ. ಕೇಂದ್ರ ಸರ್ಕಾರ 2020–21ರಿಂದ ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ, ಅದೂ ಬಂಡವಾಳ ಕಾಮಗಾರಿಗೆ. ಗುದ್ದಲಿ ಪೂಜೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಇದರ ಫಲವೇನೆಂದು ಯೋಚಿಸಿ. ರಸ್ತೆ ಸ್ವಲ್ಪ ಹಾಳಾದಾಗ ಸರಿಪಡಿಸಲು ಹಣ ಸಿಗುವುದಿಲ್ಲ. ಪೂರ್ತಿ ಹಾಳಾಗಿ, ಕಿತ್ತು ಹೊಸದಾಗಿ ಮಾಡಬೇಕಾದ ಸ್ಥಿತಿಗೆ ಬಂದ ಮೇಲೆ ಅದೇ ರಸ್ತೆ ‘ಅಭಿವೃದ್ಧಿ ಕಾಮಗಾರಿ’ ಎನಿಸಿಕೊಳ್ಳುತ್ತದೆ, ಆಗ ಸಾಲವೂ ಸಿಗುತ್ತದೆ. ಯಾರೂ ಕೆಟ್ಟವರಾಗಬೇಕಿಲ್ಲ, ಯಾರೂ ಲಂಚ ತಿನ್ನಬೇಕಿಲ್ಲ. ಲೆಕ್ಕಪತ್ರದ ಈ ಏರ್ಪಾಡೊಂದೇ ಸಾಕು, ರಾಜ್ಯದ ಆಸ್ತಿ ತಾನಾಗಿ ಹಾಳಾಗುತ್ತ ಹೋಗುತ್ತದೆ. ಭ್ರಷ್ಟಾಚಾರ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಇಲ್ಲದ ಕಡೆಯೂ ರಸ್ತೆ ಏಕೆ ಉಳಿಯುವುದಿಲ್ಲ ಎಂಬುದನ್ನು ಹೇಳುತ್ತಿದ್ದೇನೆ.

ಗ್ಯಾರಂಟಿ ಯೋಜನೆಗಳಿಂದಲೇ ಹೀಗಾಯಿತು ಎನ್ನುವವರಿದ್ದಾರೆ. ಅದೇ ಬಜೆಟ್ಟಿನಲ್ಲಿ ಅವುಗಳಿಗೆ ಇಟ್ಟ ಹಣ 51 ಸಾವಿರ ಕೋಟಿಗೂ ಹೆಚ್ಚು. ಬೊಕ್ಕಸದ ಮೇಲೆ ಅದರ ಭಾರ ದೊಡ್ಡದೇ. ಆದರೆ ಈ ರೋಗ ಅದಕ್ಕಿಂತ ಬಹಳ ಹಳೆಯದು. 2004–05ರಿಂದ ಹಲವು ವರ್ಷ ಸತತವಾಗಿ ಕರ್ನಾಟಕದಲ್ಲಿ ರಾಜಸ್ವ ಹೆಚ್ಚುವರಿಯೇ ಇತ್ತು, ಅಂದರೆ ರಾಜಸ್ವ ಆದಾಯ ರಾಜಸ್ವ ವೆಚ್ಚಕ್ಕಿಂತ ಹೆಚ್ಚಿತ್ತು. ಆಗಲೂ ತುಂಗಭದ್ರೆಯ ಗೇಟುಗಳು ಬದಲಾಗಲಿಲ್ಲ, ಆಗಲೂ ಮೋರಿಗಳ ಹೂಳು ತೆಗೆಯಲಿಲ್ಲ. ಕೈಯಲ್ಲಿ ಹಣವಿದ್ದಾಗಲೂ ಈ ಕೆಲಸಕ್ಕೆ ಸರದಿ ಬರಲಿಲ್ಲವೆಂದರೆ ದೋಷ ಒಂದು ಸರ್ಕಾರದ್ದೋ ಒಂದು ಯೋಜನೆಯದೋ ಅಲ್ಲ.

ಒಂದು ಸಂಗತಿ ಹೇಳುತ್ತೇನೆ. ನಾನಿನ್ನೂ ಸಹಾಯಕ ಇಂಜಿನಿಯರಾಗಿದ್ದಾಗ ಹಳ್ಳವೊಂದರ ಮೇಲಿನ ಸಣ್ಣ ಸೇತುವೆಯನ್ನು ಮಳೆಗಾಲಕ್ಕೆ ಮುಂಚೆ ನೋಡಲು ಹೋಗಿದ್ದೆ. ದಡದ ಕಲ್ಲುಕಟ್ಟಡದ ಸಂದಿಯಲ್ಲಿ ಅರಳಿ ಸಸಿಯೊಂದು ಹುಟ್ಟಿತ್ತು. ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ, ಎಲೆ ತಿಳಿಗೆಂಪಾಗಿ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಕಟ್ಟಡದ ಹಿಂದಿನ ಮಣ್ಣಿನ ನೀರು ಹೊರಹೋಗಲು ಬಿಟ್ಟಿದ್ದ ತೂತುಗಳು ಮಣ್ಣು ಮೆತ್ತಿ ಮುಚ್ಚಿಹೋಗಿದ್ದವು. ಸುತ್ತಿಗೆಯಿಂದ ತಟ್ಟಿದರೆ ಒಂದೆರಡು ಕಡೆ ಟೊಳ್ಳು ಸದ್ದು. ಇಬ್ಬರು ಆಳುಗಳಿಗೆ ಒಂದು ದಿನದ ಕೆಲಸ: ಬೇರು ಸಮೇತ ಸಸಿ ತೆಗೆಯುವುದು, ತೂತು ಬಿಡಿಸುವುದು, ಸಂದಿಗೆ ಸಿಮೆಂಟು ಗಾರೆ ತುಂಬುವುದು. ಅಂದಾಜು ಪಟ್ಟಿ ಬರೆದು ಮೇಲಕ್ಕೆ ಕಳುಹಿಸಿದೆ. ಅನುದಾನ ಬಂದಾಗ ನೋಡೋಣ ಎಂದು ಹಿಂದಿರುಗಿತು. ಮರುವರ್ಷ ಮತ್ತೆ ಕಳುಹಿಸಿದೆ. ನನ್ನ ವರ್ಗಾವಣೆಯಾಯಿತು. ಕೆಲವು ವರ್ಷದ ನಂತರ ಆ ದಾರಿಯಲ್ಲಿ ಹೋದಾಗ ಸಸಿ ಮರವಾಗಿತ್ತು. ಬೇರು ಕಟ್ಟಡವನ್ನು ಸೀಳಿ, ರೆಕ್ಕೆಗೋಡೆ ಹಳ್ಳಕ್ಕೆ ವಾಲಿತ್ತು. ಪಕ್ಕದಲ್ಲಿ ಹೊಸ ಸೇತುವೆಗೆ ಅಡಿಪಾಯ ತೋಡುತ್ತಿದ್ದರು, ಲಕ್ಷಗಟ್ಟಲೆ ರೂಪಾಯಿಯ ಕಾಮಗಾರಿ. ಅದಕ್ಕೆ ಹಣ ಬಂದಿತ್ತು.

ಹಿಂದೆ ಇಂಥ ಕೆಲಸ ಮಾಡಲು ರಸ್ತೆಗೊಬ್ಬ ಗ್ಯಾಂಗ್‌ಮನ್ ಇರುತ್ತಿದ್ದ. ಇಷ್ಟು ಕಿಲೋಮೀಟರಿಗೆ ಇಷ್ಟು ಜನ ಎಂದು ಗೊತ್ತುಮಾಡಿದ್ದರು. ಮೇ ತಿಂಗಳಲ್ಲಿ ಚರಂಡಿಯ ಮಣ್ಣು ಎತ್ತುವುದು, ಅಂಚಿನ ಮಣ್ಣನ್ನು ರಸ್ತೆಯ ಮಟ್ಟಕ್ಕಿಂತ ತಗ್ಗಿಸಿ ನೀರು ಹೊರಳಿಹೋಗುವಂತೆ ಮಾಡುವುದು, ಬೊಗಸೆಯಷ್ಟು ಗುಂಡಿ ಬಿದ್ದ ದಿನವೇ ಜಲ್ಲಿ ಹಾಕಿ ಕುಟ್ಟುವುದು ಅವರ ಕೆಲಸ. ಅವರು ನಿವೃತ್ತರಾದಂತೆ ಆ ಜಾಗಕ್ಕೆ ಹೊಸಬರು ಬರಲಿಲ್ಲ. ಈಗ ಗುಂಡಿ ಮುಚ್ಚುವುದಕ್ಕೂ ಟೆಂಡರ್ ಕರೆಯಬೇಕು. ಟೆಂಡರ್ ಮುಗಿಯುವ ಹೊತ್ತಿಗೆ ಬೊಗಸೆಯ ಗುಂಡಿ ಬಾನಿಯಾಗಿರುತ್ತದೆ.

ನಿಮ್ಮೂರ ರಸ್ತೆಯ ಬಗ್ಗೆ ನೀವು ಕೇಳಿದ್ದೀರಿ. ನಾನು ಅದನ್ನು ನೋಡಿಲ್ಲ, ಆದರೆ ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ರಸ್ತೆಗಳ ಕಷ್ಟ ಬಲ್ಲೆ. ನಿಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕೂತ ರಸ್ತೆಯೂ ಅದರೊಂದಿಗೆ ಏರಿಳಿಯುತ್ತದೆ. ಸಾಲದ್ದಕ್ಕೆ ಎರಡೂ ಬದಿಗೆ ತಿಂಗಳುಗಟ್ಟಲೆ ನೀರು ನಿಂತ ಭತ್ತದ ಗದ್ದೆ. ರಸ್ತೆಯನ್ನು ಗದ್ದೆಯ ಮಟ್ಟದಿಂದ ಸಾಕಷ್ಟು ಎತ್ತರಿಸಿ, ತಳಕ್ಕೆ ಒಳ್ಳೆಯ ಗರಸು ಹಾಸದಿದ್ದರೆ ಡಾಂಬರು ಎಷ್ಟು ದಪ್ಪ ಹಾಕಿದರೂ ಅದು ಕೆಸರಿನ ಮೇಲೆ ಹಾಸಿದ ಚಾಪೆ. ಅದರ ಮೇಲೆ ಸುಗ್ಗಿಯಲ್ಲಿ ಅಕ್ಕಿ ಗಿರಣಿಗಳಿಗೆ ಹೋಗುವ ಭತ್ತದ ಲಾರಿಗಳು. ವಾಹನದ ಒಂದು ಅಚ್ಚಿನ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ದಂಡದ) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಎಂಬುದು ನಮ್ಮ ವಿದ್ಯೆಯಲ್ಲಿ ಬಹಳ ಹಿಂದೆಯೇ ಪ್ರಯೋಗದಿಂದ ಕಂಡುಕೊಂಡ ಲೆಕ್ಕ. ಅತಿಭಾರದ ಒಂದು ಲಾರಿ ಮಾಡುವ ಹಾನಿಯನ್ನು ನೂರಾರು ಕಾರುಗಳು ಸೇರಿದರೂ ಮಾಡಲಾರವು. ನಿಮ್ಮ ಭಾಗದ ರೈತರೂ ಗಿರಣಿಯವರೂ ಸೇರಿ ಕೂತು ಮಾತನಾಡಬೇಕಾದ ವಿಷಯವಿದು. ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ.

ಕಾಳಿ ಸೇತುವೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸುಮಾರು ನಲವತ್ತು ವರ್ಷದ ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿಬಿತ್ತು. ಲಾರಿಯೊಂದು ನದಿಗೆ ಬಿದ್ದು ಚಾಲಕ ಬದುಕುಳಿದರು. ಅದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿನದು, ಕೇಂದ್ರದ ವ್ಯಾಪ್ತಿಯದು. ತುಂಗಭದ್ರಾ ಅಣೆಕಟ್ಟೆಯನ್ನು ನಡೆಸುವುದು ತುಂಗಭದ್ರಾ ಮಂಡಳಿ, ಖರ್ಚನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. ನಿಮ್ಮೂರ ರಸ್ತೆ ಲೋಕೋಪಯೋಗಿ ಇಲಾಖೆಯದೋ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದೋ ಆಗಿರುತ್ತದೆ. ನೀವು ಒಂದೇ ಉಸಿರಿನಲ್ಲಿ ಕೇಳಿದ ಮೂರು ಆಸ್ತಿಗೆ ಮೂವರು ಒಡೆಯರು, ಮೂರು ಬೊಕ್ಕಸ. ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಲ್ಲಿಯ ಹಳೆಯ ಸೇತುವೆಗಳನ್ನು ಬಯಲುಸೀಮೆಯವಕ್ಕಿಂತ ಹೆಚ್ಚು ಬಾರಿ ನೋಡಬೇಕು. ನೋಡುವುದಕ್ಕೂ ಜನ ಬೇಕು, ದೋಣಿ ಬೇಕು, ಉಪಕರಣ ಬೇಕು. ಅದೂ ನಿರ್ವಹಣೆಯ ಹಣವೇ.

ನಮ್ಮ ನಾಡಿನಲ್ಲಿ ಈ ಬುದ್ಧಿ ಇರಲಿಲ್ಲವೆಂದಲ್ಲ. ಕೆರೆ ಕಟ್ಟಿಸಿದ ಶಾಸನಗಳನ್ನು ಓದಿದರೆ ಕಟ್ಟಿದ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ಕೆರೆಗೊಡಗೆ, ಕಟ್ಟುಕೊಡಗೆ, ಬಿತ್ತುವಟ್ಟ ಎಂದೆಲ್ಲ ಹೆಸರು. ಹೂಳೆತ್ತುವ ಕೋಣನ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರಿದ್ದಾರೆ. ಆ ಗದ್ದೆಯ ಬೆಳೆ ಕೆರೆಯ ಕೆಲಸಕ್ಕೇ ಮೀಸಲು, ಅರಮನೆಯ ಬೊಕ್ಕಸ ತುಂಬಿದ್ದರೂ ಬರಿದಾಗಿದ್ದರೂ ಅದು ನಿಲ್ಲುತ್ತಿರಲಿಲ್ಲ. ತೂಬು ತೆಗೆದು ಮುಚ್ಚಲು ನೀರುಗಂಟಿ ಇದ್ದ, ಅವನಿಗೂ ಪಾಲಿತ್ತು. ಇಂದು ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತಿಗಳಿಗೆ. ಅವುಗಳಲ್ಲಿ ಎಷ್ಟಕ್ಕೆ ಹೀಗೆ ಹೆಸರಿಟ್ಟು ಕಟ್ಟಿದ, ಬೇರೆ ಕೆಲಸಕ್ಕೆ ತೆಗೆಯಲಾಗದ ವರಮಾನವಿದೆ? ನಾನು ಕೆಲಸ ಮಾಡಿದ ತಾಲ್ಲೂಕುಗಳಲ್ಲಿ ಒಂದಕ್ಕೂ ಇರಲಿಲ್ಲ.

ಎಷ್ಟು ಹಣ ಬೇಕು ಎಂಬ ನಿಮ್ಮ ಪ್ರಶ್ನೆಗೆ ರಸ್ತೆಯನ್ನೇ ಹಿಡಿದು ಸ್ಥೂಲವಾದ ಒಂದು ಲೆಕ್ಕ ಕೊಡುತ್ತೇನೆ. ನೀವೂ ಕಾಗದ ಹಿಡಿದು ಪರೀಕ್ಷಿಸಬಹುದು. ರಾಜ್ಯ ಹೆದ್ದಾರಿಗಳ ಉದ್ದ ಸುಮಾರು 28 ಸಾವಿರ ಕಿಲೋಮೀಟರ್. ಡಾಂಬರಿನ ಮೇಲ್ಪದರವನ್ನು ಐದಾರು ವರ್ಷಕ್ಕೊಮ್ಮೆ ಹೊಸದು ಮಾಡುತ್ತ ಹೋದರೆ ಕೆಳಗಿನ ಜಲ್ಲಿಗೆ ನೀರು ಇಳಿಯುವುದಿಲ್ಲ, ರಸ್ತೆ ದಶಕಗಟ್ಟಲೆ ಉಳಿಯುತ್ತದೆ. ಆರು ವರ್ಷಕ್ಕೊಮ್ಮೆ ಎಂದುಕೊಂಡರೆ ವರ್ಷಕ್ಕೆ ಸುಮಾರು 4,700 ಕಿಲೋಮೀಟರ್ ಮಾಡಬೇಕು. ಏಳು ಮೀಟರ್ ಅಗಲದ ರಸ್ತೆಗೆ 30 ಮಿಲಿಮೀಟರ್ ದಪ್ಪದ ಪದರ ಹಾಕಲು ಕಿಲೋಮೀಟರಿಗೆ 210 ಘನ ಮೀಟರ್, ಸುಮಾರು 500 ಟನ್ ಡಾಂಬರು ಮಿಶ್ರಣ ಬೇಕು. ಎಲ್ಲ ಸೇರಿ ಕಿಲೋಮೀಟರಿಗೆ 30 ಲಕ್ಷ ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ ಸುಮಾರು 1,400 ಕೋಟಿ ಆಗುತ್ತದೆ. ಕಿಲೋಮೀಟರಿನ ದರ ನನ್ನ ಊಹೆ. ಜಿಲ್ಲೆಯಿಂದ ಜಿಲ್ಲೆಗೆ, ಡಾಂಬರಿನ ಬೆಲೆ ಏರಿಳಿದಂತೆ ಅದು ಹೆಚ್ಚು ಕಡಿಮೆಯಾಗುತ್ತದೆ. ಜಿಲ್ಲಾ ಮುಖ್ಯ ರಸ್ತೆ, ಹಳ್ಳಿ ರಸ್ತೆ, ಸೇತುವೆ, ಕಾಲುವೆ, ಶಾಲೆ, ಆಸ್ಪತ್ರೆ ಇದರಲ್ಲಿ ಸೇರಿಲ್ಲ. ಆದರೂ ಗಾತ್ರವನ್ನು ಗಮನಿಸಿ. 71 ಸಾವಿರ ಕೋಟಿ ಹೊಸ ಕಾಮಗಾರಿಗೆ ಇಡುವ ರಾಜ್ಯಕ್ಕೆ, ಇರುವ ಹೆದ್ದಾರಿಗಳ ಮೈಮೇಲಿನ ಹೊದಿಕೆ ಕಾಪಾಡಲು ಅದರ ನೂರರಲ್ಲಿ ಎರಡು ಪಾಲು ಸಾಕು. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯೊಂದಕ್ಕೇ 2025ರಲ್ಲಿ ಹಾಕಿದ್ದ ಅಂದಾಜು 17 ಸಾವಿರ ಕೋಟಿಯ ಆಸುಪಾಸಿನಲ್ಲಿತ್ತು.

ಈ ಹಣ ಎಲ್ಲಿಂದ ಬರಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೋಟಾರು ವಾಹನ ತೆರಿಗೆಯಿಂದ 2025–26ರಲ್ಲಿ ರಾಜ್ಯ ನಿರೀಕ್ಷಿಸಿದ್ದು 15 ಸಾವಿರ ಕೋಟಿ. ಅದರಲ್ಲಿ ಹತ್ತನೇ ಒಂದು ಪಾಲನ್ನು ಕಾನೂನಿನ ಮೂಲಕ ರಸ್ತೆ ನಿರ್ವಹಣೆಗೆ ಕೊಡಗೆಯಂತೆ ಬಿಟ್ಟರೆ ಮೇಲಿನ ಲೆಕ್ಕ ತುಂಬಿಬರುತ್ತದೆ. ಹೊಸ ತೆರಿಗೆ ಬೇಡ. ವರ್ಷದ ಕೊನೆಯಲ್ಲಿ ಬೇರೆಯದಕ್ಕೆ ವರ್ಗಾಯಿಸಲು ಬಾರದಂತೆ ಕಟ್ಟಬೇಕು, ಅಷ್ಟೇ. ಅಣೆಕಟ್ಟೆಗಳಿಗೆ ಈ ತತ್ವ ಕಾನೂನಾಗಿಯೇ ಇದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ, ಒಡೆಯರು ನಿರ್ವಹಣೆಗೆ ಸಾಕಷ್ಟು ಹಣ ಗೊತ್ತುಮಾಡಿ ಇಡಬೇಕು, ಮಳೆಗಾಲದ ಮುಂಚೆಯೂ ನಂತರವೂ ತಪಾಸಣೆ ಮಾಡಬೇಕು ಎಂದು ಹೇಳುತ್ತದೆ. ಕಾಯ್ದೆ ಜಾರಿಯಾದ ಮೂರನೇ ವರ್ಷದಲ್ಲೇ 19ನೇ ಗೇಟು ಹೋಯಿತು. ಹಾಗಾಗಿ ಕಾನೂನಿನ ಸಾಲು ಬರೆದರೆ ಸಾಲದು, ಇಟ್ಟ ಹಣವೂ ತಪಾಸಣೆಯ ವರದಿಯೂ ಜನರ ಕಣ್ಣಿಗೆ ಬೀಳಬೇಕು.

ನಿಮಗೆ ಇಷ್ಟವಾಗದ ಮಾತೊಂದನ್ನೂ ಹೇಳಲೇಬೇಕು. ಬೆಂಗಳೂರಿನಲ್ಲಿ 2014ರಿಂದ 2025ರ ಏಪ್ರಿಲ್‌ವರೆಗೆ ಕುಡಿಯುವ ನೀರಿನ ದರ ಏರಲೇ ಇಲ್ಲ. ಅಷ್ಟರಲ್ಲಿ ವಿದ್ಯುತ್ತಿನ ದರ, ಸಂಬಳ, ಕೊಳವೆಯ ಬೆಲೆ ಎಲ್ಲವೂ ಏರಿದ್ದವು. ಕಾಲುವೆ ನೀರಿನ ಕರದ ಕಥೆಯೂ ಇದೇ. ಕರ ಬಹಳ ಕಡಿಮೆ, ಅದರಲ್ಲೂ ಬಾಕಿ. ಬಂದ ಕರ ನಿಮ್ಮ ವಿತರಣಾ ಕಾಲುವೆಗೇ ಮರಳುತ್ತದೆ ಎಂಬ ಖಾತ್ರಿ ಇಲ್ಲದಿರುವಾಗ ರೈತನಾದರೂ ಏಕೆ ಕಟ್ಟಬೇಕು? ಆ ಖಾತ್ರಿಯನ್ನು ಸರ್ಕಾರ ಮೊದಲು ಕೊಡಬೇಕು. ಕೊಟ್ಟ ಮೇಲೆ ಕರ ಕಟ್ಟುವುದು ನಮ್ಮ ಹೊಣೆ. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟದಿರುವುದಕ್ಕೆ ಮುರಿದ ತೂಬು, ಒಡೆದ ಕಾಲುವೆಯ ಒಳಮೈ ಎಷ್ಟು ಕಾರಣವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿ ಆಗುವುದೂ ಇದೆ. ರಸ್ತೆಗೆ ಡಾಂಬರು ಹಾಕಿ ಮೂರು ಮಳೆಗಾಲ ಆಗಿಲ್ಲ ಎಂದಿರಿ. ಹೆಚ್ಚಿನ ಗುತ್ತಿಗೆಗಳಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂಬುದಿರುತ್ತದೆ. ಆ ಅವಧಿಯೊಳಗೆ ಕಿತ್ತುಹೋದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು, ಅವನ ಠೇವಣಿಯೂ ಅಲ್ಲಿಯವರೆಗೆ ಇಲಾಖೆಯ ಬಳಿಯೇ ಇರುತ್ತದೆ. ರಸ್ತೆ ಬದಿಯ ಕಾಮಗಾರಿ ಫಲಕದಲ್ಲಿ ಮುಗಿದ ದಿನಾಂಕ ಇದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಗುತ್ತಿಗೆ ಕರಾರು, ಅಳತೆ ಪುಸ್ತಕ ಎರಡರ ಪ್ರತಿಯನ್ನೂ ಕೇಳಿ. ಅಳತೆ ಪುಸ್ತಕದಲ್ಲಿ ಪದರದ ದಪ್ಪ ಎಷ್ಟೆಂದು ಬರೆದಿರುತ್ತದೆ. ಗುಂಡಿಯ ಅಂಚಿನಲ್ಲಿ ಅಳತೆಪಟ್ಟಿ ಹಿಡಿದರೆ ಹಾಕಿದ ದಪ್ಪ ಕಾಣುತ್ತದೆ. ಮುಂದಿನ ಮೇ ತಿಂಗಳಲ್ಲಿ, ಮೊದಲ ದೊಡ್ಡ ಮಳೆಗೆ ಮುಂಚೆ, ಊರಿನ ನಾಲ್ಕು ಜನ ಸೇರಿ ರಸ್ತೆಯುದ್ದಕ್ಕೂ ನಡೆಯಿರಿ. ಪ್ರತಿ ಮೋರಿಯಲ್ಲೂ ಬಗ್ಗಿ ನೋಡಿ: ಆಚೆ ಬದಿಯ ಬೆಳಕು ಕಾಣುತ್ತದೆಯೇ, ಗೋಡೆಯಲ್ಲಿ ಗಿಡ ಹುಟ್ಟಿದೆಯೇ, ಗದ್ದೆಯ ನೀರು ರಸ್ತೆಯ ಅಂಚಿಗೆ ತಾಗಿದೆಯೇ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ದಿನಾಂಕ ಕಾಣುವಂತೆ ಫೋಟೊ ತೆಗೆದು, ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಳಗೆ ಕೂತ ಇಂಜಿನಿಯರಿಗೂ ಅದರಿಂದ ಬಲ ಬರುತ್ತದೆ. ನಾನು ಅಂದಾಜು ಪಟ್ಟಿ ಹಿಡಿದು ನಿಂತಿದ್ದಾಗ ನನ್ನ ಬಳಿ ಊರಿನವರ ಅಂಥ ಒಂದು ಕಾಗದವೂ ಇರಲಿಲ್ಲ.